ಇಪ್ಪತ್ತೊಂದು ಅಂಕೆಯ ಒಂದು ಸಂಖ್ಯೆ, ಮೂರು ವರ್ಷದ ಭಾನುವಾರಗಳು

ಹೋದ ತಿಂಗಳು ನಮ್ಮೂರಿನ ಲೈಬ್ರರಿ ಹಾಲ್‌ನಲ್ಲಿ ಹೈಸ್ಕೂಲು, ಪಿಯುಸಿ ಮಕ್ಕಳಿಗೆ ಅಂತ ಒಂದು ಗಂಟೆ ಮಾತಾಡಿದ್ದೆ, ಜೊತೆಗೆ ಬಂದಿದ್ದ ಮೇಷ್ಟ್ರುಗಳು ಅಪ್ಪ ಅಮ್ಮಂದಿರೂ ಕೂತು ಕೇಳಿದ್ರು. ಬರೆದುಕೊಡಿ ಮೇಡಂ ಅಂತ ಆಮೇಲೆ ತುಂಬ ಜನ ಕೇಳಿದ್ದಕ್ಕೆ ಇದು. ಮಾತಾಡಿದ ಹಾಗೇ ಬರೀತಿದೀನಿ, ಬೋರ್ಡ್ ಮೇಲೆ ಬೇಗ ಬೇಗ ಬರೆದು ಅಳಿಸಿದ್ದನ್ನ ಮಾತ್ರ ಇಲ್ಲಿ ಸ್ವಲ್ಪ ಬಿಡಿಸಿ ಹೇಳಿದೀನಿ.

ಮೊದಲು ಬೋರ್ಡ್ ನೋಡಿ, ಇವತ್ತು ಪೂರ್ತಿ ಇದೊಂದರ ಬಗ್ಗೆನೇ ಮಾತು.

147573952589676412927

ಎಣಿಸಿದ್ರೆ ಇಪ್ಪತ್ತೊಂದು ಅಂಕೆ. ಇದನ್ನ ಓದೋದು ಹೇಗೆ? ನಮ್ಮ ಲೆಕ್ಕದಲ್ಲಿ ಕಾಮ ಹಾಕಿದ್ರೆ 14,75,73,95,25,89,67,64,12,927 ಆಗತ್ತೆ, ಬಾಯಲ್ಲಿ ಹೇಳೋದಾದ್ರೆ ಹದಿನಾಲ್ಕು ಲಕ್ಷದ ಎಪ್ಪತ್ತೈದು ಸಾವಿರದ ಏಳುನೂರ ಮೂವತ್ತೊಂಬತ್ತು ಕೋಟಿ ಕೋಟಿ, ಅದರ ಮೇಲೆ ಇನ್ನೂ ಐವತ್ತೆರಡು ಲಕ್ಷ ಚಿಲ್ಲರೆ ಕೋಟಿ, ಅದರ ಮೇಲೂ ಉಳಿಕೆ ಇದೆ. ಕೋಟಿ ಕೋಟಿ ಅನ್ನೋದು ನಾವು ಬೇರೆ ಹೆಸರು ಮರೆತಿರೋದಕ್ಕೆ. ಒಂಬತ್ತನೇ ಶತಮಾನದಲ್ಲಿ, ನೃಪತುಂಗ ಅಮೋಘವರ್ಷನ ಕಾಲದಲ್ಲಿ ಮಹಾವೀರಾಚಾರ್ಯರು ಗಣಿತಸಾರಸಂಗ್ರಹ ಬರೆದಾಗ ಏಕ, ದಶ, ಶತದಿಂದ ಶುರು ಮಾಡಿ ಇಪ್ಪತ್ತನಾಲ್ಕು ಸ್ಥಾನಕ್ಕೆ ಹೆಸರು ಕೊಟ್ಟಿದ್ರು, ಕೊನೇದು ಮಹಾಕ್ಷೋಭ. ಆ ಪಟ್ಟಿಯಲ್ಲಿ ಇಪ್ಪತ್ತೊಂದನೇ ಸ್ಥಾನದ ಹೆಸರು ಕ್ಷಿತಿ. ಅಂದ್ರೆ ಈ ಸಂಖ್ಯೆ ಒಂದು ಕ್ಷಿತಿ, ನಾಲ್ಕು ಮಹಾಶಂಖ, ಏಳು ಶಂಖ ಅಂತ ಶುರುವಾಗತ್ತೆ. ಸಾವಿರದ ನೂರು ವರ್ಷಕ್ಕೂ ಹಿಂದೆ ಈ ನಾಡಲ್ಲಿ ಇಷ್ಟು ದೊಡ್ಡ ಸಂಖ್ಯೆಯನ್ನ ಹೆಸರು ಹಿಡಿದು ಕರೆಯೋಕೆ ಆಗ್ತಿತ್ತು, ಅದು ನಂಗೆ ತುಂಬ ಸಂತೋಷ ಕೊಡೋ ವಿಷಯ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಇದು ಎಲ್ಲಿಂದ ಬಂತು ಅಂದ್ರೆ, 1 ಇಟ್ಕೊಂಡು ಅದನ್ನ ಎರಡರಷ್ಟು ಮಾಡ್ತಾ ಹೋಗಿ, ಅರವತ್ತೇಳು ಸಲ. ಕೊನೇಲಿ ಒಂದು ಕಳೀರಿ. ಅಷ್ಟೇ, 2⁶⁷ − 1. ಚದುರಂಗದ ಮಣೆ ಮೇಲೆ ಮೊದಲ ಮನೆಗೆ ಒಂದು ಕಾಳು, ಮುಂದಿನದಕ್ಕೆ ಎರಡು, ಆಮೇಲೆ ನಾಲ್ಕು ಅಂತ ಇಡೋ ಕಥೆ ಎಲ್ಲರಿಗೂ ಗೊತ್ತಿರತ್ತೆ, ಅರವತ್ನಾಲ್ಕು ಮನೆ ತುಂಬಿದ್ರೆ ಆಗೋ ಒಟ್ಟು ಕಾಳು 2⁶⁴ − 1. ಅಂಥ ಮಣೆ ಎಂಟು ತುಂಬಿಸಿ, ಮೇಲೆ ಏಳೇ ಏಳು ಕಾಳು ಹಾಕಿ, ನಮ್ಮ ಸಂಖ್ಯೆ ಸರಿಯಾಗಿ ಬರತ್ತೆ. ಇನ್ನೊಂದು ಥರ ಹೇಳ್ಬೇಕು ಅಂದ್ರೆ ಹನೋಯ್ ಗೋಪುರ ಅಂತ ಒಂದು ಆಟ ಇದೆ, ಮೂರು ಕಂಬ, ದೊಡ್ಡದರ ಮೇಲೆ ಚಿಕ್ಕದು ಅಂತ ಜೋಡಿಸಿರೋ ಬಿಲ್ಲೆಗಳು, ಒಂದ್ಸಲಕ್ಕೆ ಒಂದೇ ಬಿಲ್ಲೆ ಎತ್ತಿಡಬೇಕು, ಚಿಕ್ಕದರ ಮೇಲೆ ದೊಡ್ಡದು ಕೂರಬಾರದು. ಮೂರು ಬಿಲ್ಲೆಗೆ 7 ನಡೆ ಬೇಕು, ನಾಲ್ಕಕ್ಕೆ 15, ಐದಕ್ಕೆ 31. ಅರವತ್ತೇಳು ಬಿಲ್ಲೆ ಇದ್ರೆ ಬೋರ್ಡ್ ಮೇಲಿರೋ ಅಷ್ಟೇ ನಡೆ, ಒಂದು ಹೆಚ್ಚಿಲ್ಲ ಒಂದು ಕಮ್ಮಿಯಿಲ್ಲ. ಸೆಕೆಂಡಿಗೊಂದು ನಡೆ ಇಟ್ರೂ ಸುಮಾರು 4.67 ಲಕ್ಷ ಕೋಟಿ ವರ್ಷ. ಈ ಆಟನ 1883ರಲ್ಲಿ ಜನರ ಮುಂದೆ ಇಟ್ಟವರು ಎದುವಾರ್ ಲೂಕಾ ಅನ್ನೋ ಫ್ರೆಂಚ್ ಗಣಿತಜ್ಞ, ಆ ಹೆಸರು ನೆನಪಿಟ್ಕೊಳ್ಳಿ, ಸ್ವಲ್ಪ ಹೊತ್ತಿಗೆ ಮತ್ತೆ ಬರ್ತಾರೆ.

ಈಗ ಪ್ರಶ್ನೆ. ಇದು ಅವಿಭಾಜ್ಯ ಸಂಖ್ಯೆನಾ, ಸಂಯುಕ್ತ ಸಂಖ್ಯೆನಾ? ಅಂದ್ರೆ 1 ಮತ್ತೆ ತನ್ನನ್ನ ಬಿಟ್ಟು ಬೇರೆ ಯಾವುದರಿಂದಲೂ ಭಾಗ ಆಗದ ಪ್ರೈಮಾ, ಅಲ್ವಾ?

ಇಂಥ ಸಂಖ್ಯೆಗಳಿಗೆ, ಅಂದ್ರೆ 2ರ ಘಾತದಿಂದ ಒಂದು ಕಳೆದವಕ್ಕೆ, ಮರ್ಸೆನ್ ಸಂಖ್ಯೆ ಅಂತ ಹೆಸರು. ಮರೆನ್ ಮರ್ಸೆನ್ ಪ್ಯಾರಿಸ್‌ನಲ್ಲಿದ್ದ ಒಬ್ಬ ಸನ್ಯಾಸಿ. ಕಂಪ್ಯೂಟರ್ ಬರೆಯೋ ಥರ ಬೈನರಿಯಲ್ಲಿ ಬರೆದ್ರೆ ಇವು ಬರೀ ಒಂದುಗಳ ಸಾಲು, ನಮ್ಮದು ಅರವತ್ತೇಳು ಒಂದುಗಳು. ಸಾಲಿನ ಉದ್ದವೇ ಸಂಯುಕ್ತ ಆದ್ರೆ ಸಂಖ್ಯೆ ತಾನಾಗೇ ಒಡೆಯತ್ತೆ, ಕಣ್ಣಲ್ಲೇ ಕಾಣತ್ತೆ. 63 ಅಂದ್ರೆ 111111, ಆರು ಒಂದು, ಅದನ್ನ ಮೂರು ಮೂರರ ಎರಡು ಗುಂಪು ಮಾಡಿ, 111 ಮತ್ತೆ 111, ಅಂದ್ರೆ ಅದು 111 ಗುಣಿಸು 1001, ನಮ್ಮ ಲೆಕ್ಕದಲ್ಲಿ 7 × 9. ಹಾಗಾಗಿ ಪ್ರೈಮ್ ಆಗ್ಬೇಕು ಅಂದ್ರೆ ಉದ್ದವಾದ್ರೂ ಪ್ರೈಮ್ ಇರ್ಲೇಬೇಕು. ಆದ್ರೆ ಅಷ್ಟೇ ಸಾಕಾಗಲ್ಲ. ಉದ್ದ 11 ಇದ್ದಾಗ 2047, ನೋಡೋಕೆ ಗಟ್ಟಿ ಅನ್ಸತ್ತೆ, 23 × 89 ಅಂತ ಒಡೆದುಹೋಗತ್ತೆ.

67 ಪ್ರೈಮ್. ಹಂಗಾಗಿ ಸುಲಭದ ದಾರಿ ಮುಚ್ಚಿದೆ. 1644ರಲ್ಲಿ ಮರ್ಸೆನ್ ಒಂದು ಪಟ್ಟಿ ಕೊಟ್ರು: ಘಾತ 2, 3, 5, 7, 13, 17, 19, 31, 67, 127, 257 ಇದ್ದಾಗ ಪ್ರೈಮ್, 257ರವರೆಗೆ ಬೇರೆ ಯಾವುದೂ ಇಲ್ಲ ಅಂತ. ಅವರು ಇಷ್ಟು ದೊಡ್ಡದನ್ನ ಪರೀಕ್ಷೆ ಮಾಡಿರೋಕೆ ಸಾಧ್ಯನೇ ಇರ್ಲಿಲ್ಲ, ಅದು ಆ ಕಾಲದವರಿಗೂ ಗೊತ್ತಿತ್ತು. ಆಮೇಲೆ ನೋಡಿದ್ರೆ ಪಟ್ಟಿಯಲ್ಲಿ ಐದು ತಪ್ಪು. 61, 89, 107 ಬಿಟ್ಟುಹೋಗಿತ್ತು, 67 ಮತ್ತೆ 257 ಸೇರಬಾರದಿತ್ತು. 61 ಅಂತ ಬರೆಯೋಕೆ ಹೋಗಿ 67 ಆಗಿರಬಹುದು ಅಂತ ಊಹೆ ಮಾಡಿದವರೂ ಇದಾರೆ. ಏನೇ ಇರಲಿ, ಎರಡು ಶತಮಾನಕ್ಕೂ ಹೆಚ್ಚು ಕಾಲ ನಮ್ಮ ಸಂಖ್ಯೆ ಪ್ರೈಮ್ ಅನ್ನೋ ಹೆಸರಲ್ಲೇ ಇತ್ತು. ಮರ್ಸೆನ್ ಕಾಲದವರಿಗೆ ಇದರ ಮೇಲೆ ಆಸಕ್ತಿ ಯಾಕೆ ಅಂದ್ರೆ ಪರಿಪೂರ್ಣ ಸಂಖ್ಯೆಗಳು, 6, 28, 496 ಥರದವು, ತನ್ನನ್ನ ಭಾಗಿಸೋ ಚಿಕ್ಕ ಸಂಖ್ಯೆಗಳನ್ನೆಲ್ಲ ಕೂಡಿದ್ರೆ ತಾನೇ ಬರೋವು. ಒಂದೊಂದು ಮರ್ಸೆನ್ ಪ್ರೈಮ್ ಸಿಕ್ಕಿದ್ರೂ ಅದರ ಜೊತೆ ಒಂದು ಪರಿಪೂರ್ಣ ಸಂಖ್ಯೆ ಸಿಗತ್ತೆ, ಯೂಕ್ಲಿಡ್ ಕಾಲದಿಂದ ಗೊತ್ತಿರೋ ಮಾತು.

ಸರಿ, ಪ್ರೈಮ್ ಹೌದೋ ಅಲ್ವೋ ಅಂತ ನೋಡೋದು ಹೇಗೆ? ಶಾಲೇಲಿ ಹೇಳಿಕೊಟ್ಟಿರೋದು ವರ್ಗಮೂಲದವರೆಗೆ ಎಲ್ಲ ಪ್ರೈಮ್‌ಗಳಿಂದ ಭಾಗಿಸಿ ನೋಡಿ ಅಂತ. ಇದರ ವರ್ಗಮೂಲ ಸುಮಾರು 1214 ಕೋಟಿ, ಅಲ್ಲೀವರೆಗೆ ಇರೋ ಪ್ರೈಮ್‌ಗಳೇ ಐವತ್ತು ಕೋಟಿಗೂ ಜಾಸ್ತಿ. ಕೈಲೆಕ್ಕದಲ್ಲಿ ಆಗೋ ಮಾತಲ್ಲ.

ಇಲ್ಲಿ ಒಂದು ಚಂದದ ವಿಷಯ ಇದೆ, ದಯವಿಟ್ಟು ಪೆನ್ನು ತಗೊಂಡು ಜೊತೆಗೆ ಮಾಡಿ. 23 ತಗೊಳ್ಳಿ. 1ರಿಂದ ಶುರು ಮಾಡಿ ಎರಡರಷ್ಟು ಮಾಡ್ತಾ ಹೋಗಿ, 23 ದಾಟಿದ್ರೆ 23 ಕಳೆದುಬಿಡಿ. 1, 2, 4, 8, 16, ಆಮೇಲೆ 32 ಅಂದ್ರೆ 9, 18, 36 ಅಂದ್ರೆ 13, 26 ಅಂದ್ರೆ 3, 6, 12, 24 ಅಂದ್ರೆ 1. ಮತ್ತೆ ಹೊರಟ ಜಾಗಕ್ಕೇ ಬಂದ್ವಿ, ಸರಿಯಾಗಿ ಹನ್ನೊಂದು ಹೆಜ್ಜೆಗೆ. ಹನ್ನೊಂದು ಹೆಜ್ಜೆಗೆ 1ಕ್ಕೆ ಬಂತು ಅಂದ್ರೆ 2ರ ಹನ್ನೊಂದನೇ ಘಾತನ 23ರಿಂದ ಭಾಗಿಸಿದ್ರೆ ಶೇಷ 1, ಅಂದ್ರೆ 2047 ನಿಶ್ಶೇಷವಾಗಿ ಭಾಗ ಆಗತ್ತೆ. ಈಗ ಫರ್ಮಾ ಅನ್ನೋ ಫ್ರೆಂಚ್ ಗಣಿತಜ್ಞ ಕಂಡುಹಿಡಿದಿದ್ದು ಏನಂದ್ರೆ ಯಾವ ಬೆಸ ಪ್ರೈಮ್ ತಗೊಂಡ್ರೂ ಈ ಓಟ ಅದಕ್ಕಿಂತ ಒಂದು ಕಮ್ಮಿ ಹೆಜ್ಜೆಗೆ ಖಂಡಿತ 1ಕ್ಕೆ ಬಂದಿರತ್ತೆ. 23ಕ್ಕೆ 22 ಹೆಜ್ಜೆ, ಅದು ಹನ್ನೊಂದರ ಎರಡು ಸುತ್ತು. ಇದೇ ತರ್ಕ ನಮ್ಮ ದೊಡ್ಡ ಸಂಖ್ಯೆಗೆ ಹಾಕಿ. ಅದನ್ನ ಯಾವುದಾದ್ರೂ ಪ್ರೈಮ್ ಭಾಗಿಸಿದ್ರೆ ಆ ಪ್ರೈಮ್‌ನ ಓಟ 67 ಹೆಜ್ಜೆಯ ಸುತ್ತೇ ಆಗಿರ್ಬೇಕು, ಯಾಕಂದ್ರೆ 67 ಪ್ರೈಮ್, ಅದಕ್ಕಿಂತ ಚಿಕ್ಕ ಸುತ್ತಿಗೆ ಜಾಗ ಇಲ್ಲ. ಹಾಗಾಗಿ ಆ ಪ್ರೈಮ್‌ನಿಂದ ಒಂದು ಕಳೆದ್ರೆ 67ರಿಂದ ಭಾಗ ಆಗ್ಬೇಕು, ಜೊತೆಗೆ ಅದು ಸಮಸಂಖ್ಯೆ ಬೇರೆ, ಅಂದ್ರೆ 134ರಿಂದ ಭಾಗ ಆಗ್ಬೇಕು. 134ರ ಗುಣಕಕ್ಕೆ ಒಂದು ಕೂಡಿದ್ದು ಮಾತ್ರ ನೋಡಿದ್ರೆ ಸಾಕು! ಇನ್ನೊಂದು ನಿಯಮನೂ ಇದೆ, 8ರಿಂದ ಭಾಗಿಸಿದ್ರೆ ಶೇಷ 1 ಅಥವಾ 7 ಬರ್ಬೇಕು, ಅದರಿಂದ ಇನ್ನರ್ಧ ಹೋಗತ್ತೆ. 135 ಐದರಿಂದ ಭಾಗ ಆಗತ್ತೆ, ಬಿಡಿ. 537 ಮೂರರಿಂದ ಹೋಗತ್ತೆ. 671 ಅಂದ್ರೆ 11 × 61. 1073 ಅಂದ್ರೆ 29 × 37. 1207 ಅಂದ್ರೆ 17 × 71. 1609, ಇದು ಪ್ರೈಮ್, ಪರೀಕ್ಷೆ ಮಾಡಲೇಬೇಕಾದ ಮೊದಲನೇ ಅಭ್ಯರ್ಥಿ ಇದೇ. ಇದೂ ಭಾಗಿಸಲ್ಲ. ಹೀಗೇ ಮುಂದಕ್ಕೆ.

ಎಷ್ಟು ಮುಂದಕ್ಕೆ ಅನ್ನೋದೇ ಸಮಸ್ಯೆ.

ಈಗ ಲೂಕಾ ಬರ್ತಾರೆ. 1876ರಲ್ಲಿ ಅವರು ಒಂದು ದಾರಿ ಹುಡುಕಿದ್ರು, ಆಮೇಲೆ 1930ರ ಹೊತ್ತಿಗೆ ಲೆಹ್ಮರ್ ಅನ್ನೋ ಗಣಿತಜ್ಞ ಅದನ್ನ ಇನ್ನೂ ಸರಳ ಮಾಡಿದ್ರು, ಇವತ್ತು ಎಲ್ಲರೂ ಬಳಸೋ ರೂಪ ಹೀಗಿದೆ. 4 ಇಟ್ಕೊಳ್ಳಿ. ವರ್ಗ ಮಾಡಿ, 2 ಕಳೀರಿ, ನಿಮ್ಮ ಮರ್ಸೆನ್ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಕೊಳ್ಳಿ. ಮತ್ತೆ ಅದನ್ನೇ ಮಾಡಿ. ಘಾತಕ್ಕಿಂತ ಎರಡು ಕಮ್ಮಿ ಸಲ ಮಾಡಿದ ಮೇಲೆ ಸೊನ್ನೆ ಬಂದ್ರೆ ಪ್ರೈಮ್, ಬರದಿದ್ರೆ ಅಲ್ಲ. 31 ನೋಡಿ, ಘಾತ 5, ಮೂರು ಸಲ ಮಾಡ್ಬೇಕು. 4 ವರ್ಗ 16, ಎರಡು ಕಳೆದ್ರೆ 14. 14ರ ವರ್ಗ 196, ಎರಡು ಕಳೆದ್ರೆ 194, 31ರಿಂದ ಶೇಷ 8. 8ರ ವರ್ಗ 64, ಎರಡು ಕಳೆದ್ರೆ 62, ಶೇಷ ಸೊನ್ನೆ. ಪ್ರೈಮ್! 2047ಕ್ಕೆ ಮಾಡಿದ್ರೆ ಒಂಬತ್ತು ಹೆಜ್ಜೆ, 14, 194, 788, 701, 119, 1877, 240, 282, ಕೊನೆಗೆ 1736. ಸೊನ್ನೆ ಬರ್ಲಿಲ್ಲ, ಹಾಗಾಗಿ ಪ್ರೈಮ್ ಅಲ್ಲ. ಗಮನಿಸಿ, ಈ ಲೆಕ್ಕದಲ್ಲಿ 23 ಎಲ್ಲೂ ಕಾಣ್ಲಿಲ್ಲ, 89ನೂ ಕಾಣ್ಲಿಲ್ಲ. ಒಡೆಯತ್ತೆ ಅಂತ ಗ್ಯಾರಂಟಿ ಸಿಕ್ತು, ಎಲ್ಲಿ ಒಡೆಯತ್ತೆ ಅಂತ ಒಂದು ಸುಳಿವೂ ಸಿಗ್ಲಿಲ್ಲ.

ಲೂಕಾ ಇದೇ ಥರದ ಲೆಕ್ಕದಿಂದ 127 ಘಾತದ್ದು ಪ್ರೈಮ್ ಅಂತ ತೋರಿಸಿದ್ರು, ಅದು ಮೂವತ್ತೊಂಬತ್ತು ಅಂಕೆಯ ಸಂಖ್ಯೆ, ಕೈಲೆಕ್ಕಕ್ಕೆ ಅದೇ ಒಂದು ಪರ್ವತ. 67ರದ್ದು ಪ್ರೈಮ್ ಅಲ್ಲ ಅಂತಲೂ ಅವರೇ ತೋರಿಸಿದ್ದು. ಹಂಗಂತ ಫರ್ಮಾ ಹೇಳಿದ ಸರಳ ಪರೀಕ್ಷೆ, ಅಂದ್ರೆ ಒಂದು ಕಮ್ಮಿ ಹೆಜ್ಜೆಗೆ ಓಟ 1ಕ್ಕೆ ಬರತ್ತಾ ಅಂತ ನೋಡೋದು, ಅದನ್ನ ಮಾಡಿದ್ರೆ ಸಾಲ್ದಾ ಅಂತ ಒಬ್ಬ ಹುಡುಗ ಕೇಳಿದ, ಒಳ್ಳೇ ಪ್ರಶ್ನೆ. 2 ಇಟ್ಕೊಂಡು ಮಾಡಿದ್ರೆ ಈ ಸಂಖ್ಯೆ ಪರೀಕ್ಷೆಲಿ ಪಾಸ್ ಆಗಿಬಿಡತ್ತೆ, ತಾನು ಪ್ರೈಮ್ ಅನ್ನೋ ಹಾಗೇ ನಡ್ಕೊಳ್ಳತ್ತೆ. ಎರಡರಿಂದಲೇ ಹುಟ್ಟಿದ ಸಂಖ್ಯೆ, ಎರಡನ್ನ ಸಾಕ್ಷಿ ಕರೆದ್ರೆ ಅದು ಇದರ ಪರವಾಗೇ ಹೇಳೋದು. 3 ಇಟ್ಕೊಂಡು, ಅಂದ್ರೆ ಎರಡರಷ್ಟರ ಬದಲು ಮೂರರಷ್ಟು ಮಾಡ್ತಾ ಹೋಗಿ, ಕೇಳಿದ್ರೆ ನಿಜ ಹೊರಗೆ ಬರತ್ತೆ.

ಹೀಗೆ 1876ರಿಂದ ಮುಂದೆ ಇಪ್ಪತ್ತೇಳು ವರ್ಷ ಈ ಸಂಖ್ಯೆ ಒಂದು ವಿಚಿತ್ರ ಸ್ಥಿತಿಯಲ್ಲಿತ್ತು. ಇದು ಎರಡು ಸಂಖ್ಯೆಗಳ ಗುಣಲಬ್ಧ ಅಂತ ಗೊತ್ತು. ಆ ಎರಡು ಯಾವುವು ಅಂತ ಇಡೀ ಭೂಮಿ ಮೇಲೆ ಯಾರಿಗೂ ಗೊತ್ತಿಲ್ಲ. ನಾನು ಇವತ್ತು ನಿಮಗೆ ಮುಟ್ಟಿಸಬೇಕು ಅಂದ್ಕೊಂಡಿರೋ ವಿಷಯ ಇದೊಂದೇ, ಒಡೆಯತ್ತೆ ಅಂತ ತಿಳಿಯೋದು ಬೇರೆ, ಒಡೆದು ಕೈಗೆ ತಗೊಳ್ಳೋದು ಬೇರೆ, ಇವೆರಡರ ನಡುವೆ ಇರೋ ದೂರ ಎಷ್ಟು ಅಂತ ಇವತ್ತಿಗೂ ಗಣಿತದವರು ಅಳೆದು ಮುಗಿಸಿಲ್ಲ. 2002ರಲ್ಲಿ ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಮೂವರು ಸೇರಿ ಯಾವುದೇ ಸಂಖ್ಯೆ ಪ್ರೈಮಾ ಅಲ್ವಾ ಅಂತ ತಪ್ಪದೇ, ಬೇಗ ಹೇಳೋ ದಾರಿ ತೋರಿಸಿ ಪ್ರಪಂಚನೇ ತಿರುಗಿ ನೋಡೋ ಹಾಗೆ ಮಾಡಿದ್ರು. ಅದೂ ಅಪವರ್ತನಗಳನ್ನ ಹೇಳಲ್ಲ. ಪ್ರೈಮ್ ಅಲ್ಲ ಅನ್ನತ್ತೆ, ಅಲ್ಲಿಗೆ ನಿಲ್ಲತ್ತೆ.

ನಮ್ಮ ಸಂಖ್ಯೆಯನ್ನ ಕೊನೆಗೆ ಒಡೆದವರು ಫ್ರಾಂಕ್ ನೆಲ್ಸನ್ ಕೋಲ್, ಅಮೆರಿಕದವರು, 1861ರಲ್ಲಿ ಹುಟ್ಟಿದ್ದು. ಹಾರ್ವರ್ಡ್‌ನಲ್ಲಿ ಓದಿ, ಜರ್ಮನಿಗೆ ಹೋಗಿ ಫೆಲಿಕ್ಸ್ ಕ್ಲೈನ್ ಹತ್ರ ಕಲಿತು, ಕೊನೆಗೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರಾಗಿದ್ರು, ಅಮೆರಿಕನ್ ಮ್ಯಾಥಮೆಟಿಕಲ್ ಸೊಸೈಟಿಗೆ ಇಪ್ಪತ್ತನಾಲ್ಕು ವರ್ಷ ಸೆಕ್ರೆಟರಿ. 1903ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ನಡೆದ ಸೊಸೈಟಿ ಸಭೆಯಲ್ಲಿ ದೊಡ್ಡ ಸಂಖ್ಯೆಗಳ ಅಪವರ್ತನದ ಬಗ್ಗೆ ಅವರದ್ದೊಂದು ಪ್ರಬಂಧ ಇತ್ತು. ಕಥೆ ಹೀಗೆ ಹೇಳ್ತಾರೆ: ಕೋಲ್ ಎದ್ದು ಬೋರ್ಡ್ ಹತ್ರ ಹೋದ್ರು, ಒಂದು ಮಾತೂ ಆಡದೇ ಎರಡರ ಅರವತ್ತೇಳನೇ ಘಾತ ಲೆಕ್ಕ ಹಾಕಿ, ಒಂದು ಕಳೆದು, ಉತ್ತರ ಬರೆದ್ರು. ಆಮೇಲೆ ಬೋರ್ಡ್‌ನ ಖಾಲಿ ಜಾಗಕ್ಕೆ ಸರಿದು 193707721, ಅದರ ಕೆಳಗೆ 761838257287 ಬರೆದು, ಶಾಲೆ ಮಕ್ಕಳ ಥರ ಸಾಲು ಸಾಲಾಗಿ ಗುಣಾಕಾರ ಮಾಡಿದ್ರು. ಎರಡೂ ಕಡೆ ಒಂದೇ ಸಂಖ್ಯೆ. ಸೀಮೆಸುಣ್ಣ ಇಟ್ಟು ಹೋಗಿ ಕೂತ್ರು. ಸಭೆಯಲ್ಲಿದ್ದವರು ಎದ್ದು ಚಪ್ಪಾಳೆ ಹೊಡೆದ್ರು, ಯಾರೂ ಒಂದು ಪ್ರಶ್ನೆ ಕೇಳ್ಲಿಲ್ಲ. ಎಷ್ಟು ದಿನ ಹಿಡೀತು ಅಂತ ಆಮೇಲೆ ಕೇಳಿದ್ದಕ್ಕೆ ಮೂರು ವರ್ಷದ ಭಾನುವಾರಗಳು ಅಂದ್ರಂತೆ. ಈ ಕಥೆ ಬರವಣಿಗೆಗೆ ಬಂದಿದ್ದು ದಶಕಗಳ ನಂತರ, ಹಾಗಾಗಿ ನಿಜವಾಗ್ಲೂ ಒಂದು ಮಾತೂ ಆಡ್ಲಿಲ್ವಾ ಅಂತ ಆಣೆ ಮಾಡಿ ಹೇಳಕ್ಕಾಗಲ್ಲ. ಗುಣಾಕಾರದ ಬಗ್ಗೆ ಮಾತ್ರ ಅನುಮಾನ ಬೇಡ, ಯಾಕಂದ್ರೆ ಅದನ್ನ ನೀವೇ ಮಾಡಿ ನೋಡಬಹುದು.

ನಾನು ಮಾಡಿದೆ. ಒಂದು ಭಾನುವಾರ ಮಧ್ಯಾಹ್ನ ಗ್ರಾಫ್ ಪುಸ್ತಕ ತಗೊಂಡು, ಒಂದು ಚೌಕಕ್ಕೆ ಒಂದು ಅಂಕೆ. ಮೇಲಿನ ಸಂಖ್ಯೆ ಒಂಬತ್ತು ಅಂಕೆ, ಕೆಳಗಿನದು ಹನ್ನೆರಡು, ಅಂದ್ರೆ ಹನ್ನೆರಡು ಸಾಲು. ಆದ್ರೆ ಕೆಳಗಿನ ಸಂಖ್ಯೆಯಲ್ಲಿ 0, 4, 9 ಇಲ್ಲವೇ ಇಲ್ಲ, 7 ಮೂರು ಸಲ ಬರತ್ತೆ, 8 ಮೂರು ಸಲ, 2 ಎರಡು ಸಲ. ಹಾಗಾಗಿ ಪಕ್ಕದಲ್ಲಿ ಏಳು ಸಾಲಿನ ಒಂದು ಮಗ್ಗಿ ಬರೆದಿಟ್ಕೊಂಡ್ರೆ ಉಳಿದದ್ದು ಬರೀ ನಕಲು ಮಾಡೋದು. ಇನ್ನೂ ಒಂದು ಅನುಕೂಲ ಇದೆ, ಅದನ್ನ ಕಂಡಾಗ ಒಬ್ಬಳೇ ಕೂತು ನಕ್ಕುಬಿಟ್ಟೆ. 193707721ರ ಅಂಕೆಗಳನ್ನ ಕೂಡಿ, 37, ಮತ್ತೆ ಕೂಡಿ 10, ಮತ್ತೆ ಕೂಡಿ 1. ಅಂಕೆ ಕೂಡಿದ್ರೆ 9ರಿಂದ ಭಾಗಿಸಿದ ಶೇಷ ಸಿಗತ್ತೆ ಅಂತ ನಿಮಗೆ ಗೊತ್ತು. ಶೇಷ 1 ಆಗಿರೋದಕ್ಕೆ, ಮಗ್ಗಿಯ ಪ್ರತಿ ಸಾಲಿನ ಅಂಕೆ ಕೂಡಿದ್ರೂ ಯಾವ ಅಂಕೆಯಿಂದ ಗುಣಿಸಿದೆವೋ ಅದೇ ಬರ್ಬೇಕು. ಏಳರ ಸಾಲು 1355954047, ಕೂಡಿದ್ರೆ 43, ಅಂದ್ರೆ 7. ಎಂಟರ ಸಾಲು 1549661768, ಕೂಡಿದ್ರೆ 53, ಅಂದ್ರೆ 8. ಲೆಕ್ಕ ತನ್ನನ್ನ ತಾನೇ ಕಾಯ್ಕೊಂಡು ಹೋಗತ್ತೆ.

ಆದ್ರೂ ಮೊದಲ ಸಲ ನಂಗೆ ಉತ್ತರ ತಪ್ಪು ಬಂತು. ಎಲ್ಲ ಸಾಲೂ ಒಂಬತ್ತರ ತಾಳೆಯಲ್ಲಿ ಸರಿ ಇದೆ, ಒಟ್ಟು ಕೂಡಿದ್ದೂ ಸರಿ ಇದೆ, ಆದ್ರೆ ಬರಬೇಕಾದ ಸಂಖ್ಯೆ ಬರ್ಲಿಲ್ಲ. ಒಂದು ಗಂಟೆ ಹುಡುಕಿದೆ. ಆಮೇಲೆ ಹನ್ನೊಂದರ ತಾಳೆ ನೋಡೋಣ ಅಂತ ಬಲಗಡೆಯಿಂದ ಒಂದು ಅಂಕೆ ಕೂಡು, ಮುಂದಿನದು ಕಳೆ, ಮತ್ತೆ ಕೂಡು ಅಂತ ಮಾಡ್ಕೊಂಡು ಹೋದೆ, ಮೂರರ ಸಾಲಲ್ಲಿ ಸಿಕ್ಕಿಬಿತ್ತು. 581123163 ಅಂತ ಇರಬೇಕಾದ ಕಡೆ 581132163 ಅಂತ ನಕಲು ಮಾಡಿದ್ದೆ. ಎರಡು ಅಂಕೆ ಅದಲು ಬದಲಾದ್ರೆ ಮೊತ್ತ ಬದಲಾಗಲ್ಲ, ಒಂಬತ್ತಕ್ಕೆ ಅದು ಕಾಣೋದೇ ಇಲ್ಲ. ಪಕ್ಕಪಕ್ಕದವು ಅದಲು ಬದಲಾದ್ರೆ ಹನ್ನೊಂದು ಹಿಡಿಯತ್ತೆ. ಆ ಸಾಲಿಗೆ ಹನ್ನೊಂದರ ಶೇಷ 5 ಬರಬೇಕಿತ್ತು, 7 ಬಂದಿತ್ತು. ತಿದ್ದಿ, ಮತ್ತೆ ಕೂಡಿ, ಎಡಗಡೆ ತುದಿಯವರೆಗೆ ಹೋಗಿ 1, 4, 7 ಅಂತ ಬಂದಾಗ ಮೈ ಜುಂ ಅಂತು. ತಪ್ಪು ಹುಡುಕಿದ್ದು ಬಿಟ್ಟು ಗುಣಾಕಾರಕ್ಕೆ ನಂಗೆ ಹಿಡಿದಿದ್ದು ಮುಕ್ಕಾಲು ಗಂಟೆ. ಕೋಲ್‌ಗೆ ಆ ಎರಡು ಸಂಖ್ಯೆ ಹುಡುಕೋಕೆ ಮೂರು ವರ್ಷ.

ಅವರು ಮಾಡಿದ್ದು ಬರೀ ಭಾಗಾಕಾರ ಅಲ್ಲ, ಅದನ್ನ ಒಂದು ಸಣ್ಣ ಅಂದಾಜಲ್ಲಿ ನೋಡಬಹುದು. 134ರ ನಿಯಮ, 8ರ ನಿಯಮ ಎರಡೂ ಹಾಕಿದ ಮೇಲೂ 193707721 ಮುಟ್ಟೋ ಹೊತ್ತಿಗೆ ಏಳು ಲಕ್ಷದ ಇಪ್ಪತ್ತೆರಡು ಸಾವಿರ ಅಭ್ಯರ್ಥಿಗಳು ದಾಟಿರ್ತವೆ, ಅದರಲ್ಲಿ ನಿಜವಾದ ಪ್ರೈಮ್‌ಗಳು ಮಾತ್ರ ಅಂದ್ರೂ ಎಂಬತ್ತು ಸಾವಿರದ ಆಸುಪಾಸು. ಮೂರು ವರ್ಷದಲ್ಲಿ ನೂರೈವತ್ತಾರು ಭಾನುವಾರ, ಅಂದ್ರೆ ಒಂದು ಭಾನುವಾರಕ್ಕೆ ಐನೂರಕ್ಕೂ ಹೆಚ್ಚು ದೊಡ್ಡ ಭಾಗಾಕಾರ. ಆಗಲ್ಲ. ಅವರು ಹಿಡಿದಿದ್ದು ವರ್ಗಶೇಷಗಳ ದಾರಿ. ಯಾವ ಪೂರ್ಣವರ್ಗವೂ 2, 3, 7, 8ರಲ್ಲಿ ಮುಗಿಯಲ್ಲ ಅನ್ನೋದು ನಿಮಗೆ ಗೊತ್ತಿದೆ ಅಲ್ವಾ, ಅದೇ ಥರ ಒಂದೊಂದು ಪ್ರೈಮ್‌ಗೂ ವರ್ಗಗಳು ಬಿಟ್ಟುಹೋಗಬಹುದಾದ ಶೇಷ ಯಾವುವು, ಬಿಡಲಾರದವು ಯಾವುವು ಅಂತ ಒಂದು ಗುರುತು ಇರತ್ತೆ. ದೊಡ್ಡ ಸಂಖ್ಯೆಯ ಮೇಲೆ ಇಂಥ ಶೇಷಗಳನ್ನ ಹುಡುಕಿದ್ರೆ, ಒಳಗೆ ಅಡಗಿರೋ ಪ್ರೈಮ್ ಮುಖ ತೋರಿಸದೇ ಇದ್ರೂ ಅದರ ಗುರುತು ಸಿಗ್ತಾ ಹೋಗತ್ತೆ, ಒಂದೊಂದು ಗುರುತಿಗೂ ಅಭ್ಯರ್ಥಿಗಳಲ್ಲಿ ಅರ್ಧದಷ್ಟು ಉದುರಿಹೋಗ್ತವೆ. ಹತ್ತು ಗುರುತು ಸಿಕ್ಕಿದ್ರೆ ಸಾವಿರದಲ್ಲಿ ಒಂದು ಉಳಿಯತ್ತೆ. ಆಮೇಲೆ ಬಂದ ದೊಡ್ಡ ದೊಡ್ಡ ಅಪವರ್ತನದ ವಿಧಾನಗಳೂ ವರ್ಗಗಳ ಜೊತೆ ಹೀಗೇ ಆಟ ಆಡೋದು, ಕೋಲ್ ಬೇರು ಮುಟ್ಟಿದ್ರು ಅಂತ ನನ್ನ ಅಭಿಪ್ರಾಯ.

ಈಗ ಒಡೆದ ತುಂಡುಗಳನ್ನ ಸ್ವಲ್ಪ ಹತ್ರದಿಂದ ನೋಡೋಣ. ಎರಡೂ ಪ್ರೈಮ್, ಹಾಗಾಗಿ ನಮ್ಮ ಸಂಖ್ಯೆಗೆ ಭಾಜಕಗಳು ನಾಲ್ಕೇ: 1, ಈ ಎರಡು, ತಾನು. ತನ್ನನ್ನ ಬಿಟ್ಟು ಉಳಿದ ಮೂರು ಕೂಡಿದ್ರೆ 762031965009, ಸುಮಾರು 76,203 ಕೋಟಿ, ಕ್ಷಿತಿ ಲೆಕ್ಕದ ಸಂಖ್ಯೆ ಮುಂದೆ ಅದು ಏನೂ ಅಲ್ಲ. ಪರಿಪೂರ್ಣ ಸಂಖ್ಯೆಗಳ ಆಸೆಯಿಂದ ಹುಟ್ಟಿದ್ದು ಪರಿಪೂರ್ಣತೆಯಿಂದ ಎಷ್ಟು ದೂರ ಬಂದು ನಿಂತಿದೆ ನೋಡಿ. ಚಿಕ್ಕ ತುಂಡಿನಿಂದ ಒಂದು ಕಳೆದು 134ರಿಂದ ಭಾಗಿಸಿ, 1445580, ನಿಶ್ಶೇಷ. ದೊಡ್ಡದರಿಂದ ಒಂದು ಕಳೆದು ಭಾಗಿಸಿ, 5685360129, ಇದೂ ನಿಶ್ಶೇಷ. 8ರಿಂದ ಭಾಗಿಸಿದ್ರೆ ಚಿಕ್ಕದಕ್ಕೆ ಶೇಷ 1, ದೊಡ್ಡದಕ್ಕೆ 7. ಇಷ್ಟು ಹೊತ್ತು ಹೇಳಿದ ನಿಯಮಗಳು ಚಾಚೂ ತಪ್ಪಿಲ್ಲ.

ಇನ್ನೊಂದು ನೋಡಿ. ಚಿಕ್ಕದರಿಂದ ಒಂದು ಕಳೆದ 193707720 ಇದ್ಯಲ್ಲ, ಅದನ್ನ ಪೂರ್ತಿ ಒಡೆದ್ರೆ ಮೂರು 2, ಮೂರು 3, ಒಂದು 5, ಒಂದು 67, ಒಂದು 2677. ಅಷ್ಟೇ, 2677ಕ್ಕಿಂತ ದೊಡ್ಡ ಪ್ರೈಮ್ ಅದರಲ್ಲಿಲ್ಲ. 1974ರಲ್ಲಿ ಜಾನ್ ಪೊಲಾರ್ಡ್ ಒಂದು ವಿಧಾನ ಕೊಟ್ರು, ಅಡಗಿರೋ ಪ್ರೈಮ್‌ನಿಂದ ಒಂದು ಕಳೆದಾಗ ಇಂಥ ಚಿಕ್ಕ ಚೂರುಗಳೇ ಸಿಗೋ ಹಾಗಿದ್ರೆ ಆ ಪ್ರೈಮ್ ಬೇಗ ಬಲೆಗೆ ಬೀಳತ್ತೆ. ದೊಡ್ಡ ತುಂಡಿಗೆ ಅದೇ ಮಾಡಿದ್ರೆ ಕೊನೇ ಚೂರು 8539, ಹಾಗಾಗಿ ಬಲೆಯನ್ನ ಮೂರು ಸಾವಿರದವರೆಗೆ ಬೀಸಿದ್ರೆ ಚಿಕ್ಕದು ಸಿಗತ್ತೆ, ದೊಡ್ಡದು ತಪ್ಪಿಸ್ಕೊಳ್ಳತ್ತೆ, ಎರಡೂ ಸರಿಯಾಗಿ ಬೇರೆ ಆಗ್ತವೆ. 2 ಇಟ್ಕೊಂಡು ಮಾಡಬಾರದು ಅಷ್ಟೇ, ಯಾಕೆ ಅಂತ ಆಗಲೇ ಹೇಳಿದೀನಿ, 3 ಇಟ್ಕೋಬೇಕು. ಕೆಲವು ಸಾವಿರ ಹೆಜ್ಜೆಯ ಕೆಲಸ. ಈ ಬಾಗಿಲು ಕೋಲ್ ಮುಂದೆನೇ ಇತ್ತು, ಅದು ಬಾಗಿಲು ಅಂತ ಪ್ರಪಂಚಕ್ಕೆ ಗೊತ್ತಾಗೋಕೆ ಇನ್ನೂ ಎಪ್ಪತ್ತೊಂದು ವರ್ಷ ಬೇಕಾಯ್ತು. ಇದನ್ನ ನೆನೆಸ್ಕೊಂಡ್ರೆ ನಂಗೆ ಯಾವಾಗ್ಲೂ ಹೊಟ್ಟೆಯಲ್ಲಿ ಒಂಥರಾ ಆಗತ್ತೆ.

ಇವತ್ತು ನಿಮ್ಮ ಕೈಲಿರೋ ಫೋನ್ ಇದನ್ನ ಕಣ್ಣು ಮಿಟುಕಿಸೋ ಅಷ್ಟರಲ್ಲಿ ಒಡೆಯತ್ತೆ. ಆದ್ರೆ ಅಂಕೆ ಜಾಸ್ತಿ ಆದ್ರೆ ಫೋನಲ್ಲ, ದೊಡ್ಡ ದೊಡ್ಡ ಕಂಪ್ಯೂಟರ್‌ಗಳೂ ಕೈ ಚೆಲ್ಲುತ್ತವೆ. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಇದೇ ಕಷ್ಟನ ಬೀಗ ಮಾಡ್ಕೊಂಡು ಗುಟ್ಟು ಕಾಯೋ ವಿಧಾನ ಕಟ್ಟಿದ್ರು, ಎರಡು ದೊಡ್ಡ ಪ್ರೈಮ್ ಗುಣಿಸಿ ಉತ್ತರ ಎಲ್ಲರಿಗೂ ತೋರಿಸೋದು, ತುಂಡುಗಳನ್ನ ಬಚ್ಚಿಡೋದು. ಅವರು ಸವಾಲು ಅಂತ ಕೊಟ್ಟ 129 ಅಂಕೆಯ ಸಂಖ್ಯೆ ಒಡೆದಿದ್ದು 1994ರಲ್ಲಿ, ಆರುನೂರರಷ್ಟು ಜನ ಸ್ವಯಂಸೇವಕರು ಇಂಟರ್ನೆಟ್ಟಲ್ಲಿ ಕೈ ಜೋಡಿಸಿ. 2020ರಲ್ಲಿ 250 ಅಂಕೆಯದು ಒಡೀತು. ಈಗ ಸಾಮಾನ್ಯವಾಗಿ ಬಳಸೋ ಬೀಗ 617 ಅಂಕೆ. ಬ್ಯಾಂಕ್ ವೆಬ್‌ಸೈಟ್ ತೆಗೆದಾಗ ಬರೋ ಬೀಗದ ಗುರುತಿನ ಹಿಂದೆ ಎಷ್ಟೋ ಕಡೆ ಇಂಥದ್ದೇ ಒಂದು ಸಂಖ್ಯೆ ಕೂತಿರತ್ತೆ.

ಕೋಲ್ 1926ರಲ್ಲಿ ತೀರಿಕೊಂಡ್ರು. ಅವರ ಹೆಸರಲ್ಲಿ ಒಂದು ಪ್ರಶಸ್ತಿ ಇದೆ, ಸಂಖ್ಯಾಸಿದ್ಧಾಂತದಲ್ಲಿ ದೊಡ್ಡ ಗೌರವ ಅದು, ಆಂಡ್ರ್ಯೂ ವೈಲ್ಸ್‌ಗೆ ಬಂದಿದೆ, ಮಂಜುಲ್ ಭಾರ್ಗವ ಅವರಿಗೆ ಬಂದಿದೆ, ಚಂದ್ರಶೇಖರ ಖರೆ ಅವರಿಗೂ.

ಮಾತು ಮುಗಿಸಿದ ಮೇಲೆ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಎದ್ದು, ಮೇಡಂ, ಒಡೆಯತ್ತೆ ಅಂತ ಗೊತ್ತಿದ್ದೂ ಒಂದು ತುಂಡೂ ಸಿಗದೇ ಇರೋದು ಈಗಲೂ ಇದ್ಯಾ ಅಂತ ಕೇಳಿದ್ಲು. ಇದೆ. 2¹²⁷⁷ − 1. ಮುನ್ನೂರ ಎಂಬತ್ತೈದು ಅಂಕೆ. ಲೂಕಾ ದಾರಿಯಲ್ಲಿ ಪರೀಕ್ಷೆ ಮಾಡಿದ್ರೆ ಸೊನ್ನೆ ಬರಲ್ಲ, ಪ್ರೈಮ್ ಅಲ್ಲ ಅನ್ನೋದರಲ್ಲಿ ಅನುಮಾನ ಇಲ್ಲ. ಒಂದೇ ಒಂದು ಅಪವರ್ತನ ಸಿಕ್ಕಿಲ್ಲ, ಇಷ್ಟು ಕಂಪ್ಯೂಟರ್‌ಗಳು ಹುಡುಕಿ ಹುಡುಕಿ ಸಾಕಾದ್ರೂ. 1876ರಿಂದ 1903ರವರೆಗೆ ನಮ್ಮ ಸಂಖ್ಯೆ ಎಲ್ಲಿ ನಿಂತಿತ್ತೋ ಅದು ಇವತ್ತು ಅಲ್ಲಿ ನಿಂತಿದೆ.

ಹಾಗಾದ್ರೆ ಅದಕ್ಕೆ 134 ಬದಲು 2554 ಅಲ್ವಾ ಅಂದ್ಲು. ಹೌದು, 1277ರ ಎರಡರಷ್ಟು. ಅಲ್ಲೇ ಕೂತು ನೋಟ್‌ಬುಕ್ಕಲ್ಲಿ ಶುರು ಮಾಡಿದ್ಲು, ಜನ ಎಲ್ಲ ಎದ್ದು ಚಪ್ಪಲಿ ಹಾಕ್ಕೊಳ್ತಾ ಇದ್ರು. 2555 ಎಂಟರ ನಿಯಮಕ್ಕೆ ಕೂರಲ್ಲ ಅಂತ ಹೊಡೆದುಹಾಕಿದ್ಲು. 7663 ಹತ್ರ ತುಂಬ ಹೊತ್ತು ನಿಂತು, 79 × 97 ಅಂತ ಬರೆದು ಅದನ್ನೂ ಹೊಡೆದ್ಲು. 10217 ಅಂದ್ರೆ 17 × 601. 17879 ಅಂದ್ರೆ 19 × 941. 20433 ಮೂರರಿಂದ, 28095 ಐದರಿಂದ. ಅವರಪ್ಪ ಬಾಗಿಲಲ್ಲಿ ಬೈಕ್ ಕೀ ಹಿಡ್ಕೊಂಡು ಕಾಯ್ತಾ ನಿಂತಿದ್ರು. ಇನ್ನೊಂದೇ ಒಂದು ಅಪ್ಪ ಅಂತ 30649 ಬರೆದು, 7ರಿಂದ ನೋಡಿದ್ಲು, 11ರಿಂದ, 13ರಿಂದ, 17ರಿಂದ, 19ರಿಂದ. ಒಂದೂ ಹೋಗ್ಲಿಲ್ಲ. ಅದು ಪ್ರೈಮೇ, ಅವಳಿಗೆ ಸಿಕ್ಕ ಮೊದಲನೇ ನಿಜವಾದ ಅಭ್ಯರ್ಥಿ. ಅದನ್ನ ಹೊಡೆದುಹಾಕ್ಲಿಲ್ಲ, ಸುತ್ತ ಒಂದು ಸೊನ್ನೆ ಸುತ್ತಿ, ಪುಸ್ತಕ ಮುಚ್ಚಿ, ಮನೆಗೆ ಹೋಗಿ ಎರಡರಷ್ಟು ಮಾಡ್ತಾ ಹೋಗ್ತೀನಿ ಮೇಡಂ ಅಂತ ಹೇಳಿ ಓಡಿದ್ಲು.